ಕಿರಣಕ್ಕೂ ಕಣ್ಣಿಲ್ಲ, ಕಣಕ್ಕೂ ಕಣ್ಣಿಲ್ಲ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆ ಯಾರಿಗಾದರೂ ಬಾಯಿ ಕ್ಯಾನ್ಸರ್ ಎಂದು ಗೊತ್ತಾದರೆ ಮನೆಯ ಕಟ್ಟೆಯ ಮೇಲೆ ಎರಡು ಮಾತು ತಪ್ಪದೆ ಬರುತ್ತವೆ. ಮೊದಲನೆಯದು ವಿಕಿರಣ ಚಿಕಿತ್ಸೆಯನ್ನು ‘ಕರೆಂಟ್’ ಎನ್ನುವ ಹಿರಿಯರದು: ‘ಕರೆಂಟ್ ಕೊಡಿಸಬ್ಯಾಡ್ರಿ, ಅದು ಕೆಟ್ಟದ್ದನ್ನೂ ಸುಡತೈತಿ, ಚಲೋದನ್ನೂ ಸುಡತೈತಿ.’ ಎರಡನೆಯದು ಮೊಬೈಲ್ ಹಿಡಿದ ಓದಿದ ಹುಡುಗರದು: ‘ಈಗ ನ್ಯಾನೊ ಬಂದೈತಿ, ಅದು ಕ್ಯಾನ್ಸರ್ ಇದ್ದಲ್ಲಿಗಷ್ಟ ಹೋಗಿ ಹೊಡೀತೈತಿ, ಉಳಿದದ್ದಕ್ಕ ಏನೂ ಆಗೂದಿಲ್ಲ.’ ಮಾತು ಎರಡಾದರೂ ತಳದ ನಂಬಿಕೆ ಒಂದೇ. ಒಳ್ಳೆಯ ಜೀವಕೋಶ ಯಾವುದು, ಕೆಟ್ಟ ಜೀವಕೋಶ ಯಾವುದು ಎಂದು ಗುರುತಿಸುವ ಬುದ್ಧಿ ಔಷಧದ ಒಳಗೇ ಇರಬೇಕು. ವಿಕಿರಣಕ್ಕೆ ಅದಿಲ್ಲ, ನ್ಯಾನೊ ಕಣಕ್ಕೆ ಅದಿದೆ. ಆದ್ದರಿಂದ ಮೊದಲನೆಯದು ಹಳೆಯ ಕ್ರೌರ್ಯ, ಎರಡನೆಯದು ಹೊಸ ವಿವೇಕ. ಈ ನಂಬಿಕೆ ಬುಡದಲ್ಲೇ ತಪ್ಪಿದೆ ಎಂಬುದು ನನ್ನ ವಾದ. ಕಿರಣಕ್ಕೆ ಕಣ್ಣಿಲ್ಲ, ನಿಜ. ಕಣಕ್ಕೂ ಇಲ್ಲ. ಇಷ್ಟಾಗಿಯೂ ವಿಕಿರಣ ಚಿಕಿತ್ಸೆ ಗುಣಪಡಿಸುತ್ತದೆ ಎಂದಮೇಲೆ ಆಯ್ಕೆ ಬೇರೆಲ್ಲೋ ನಡೆಯುತ್ತಿದೆ ಎಂದಾಯಿತು. ಅದು ಎಲ್ಲಿ ನಡೆಯುತ್ತದೆ ಎಂಬುದು ತಿಳಿಯದಿದ್ದರೆ ರೋಗಿ ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಬರುವುದರಲ್ಲಿ ಏನು ತಪ್ಪು ಎಂಬುದೂ ತಿಳಿಯುವುದಿಲ್ಲ.

ಮೊದಲು ಆ ಹಿರಿಯರ ಮಾತಿಗೆ ಸಲ್ಲಬೇಕಾದ್ದು ಸಲ್ಲಲಿ. ಅವರು ಕಂಡದ್ದನ್ನೇ ಹೇಳುತ್ತಾರೆ. ಕುತ್ತಿಗೆಗೆ ವಿಕಿರಣ ಕೊಡಿಸಿಕೊಂಡು ಬಂದವರ ಚರ್ಮ ಕಪ್ಪಾಗಿ ಸುಲಿದಿರುತ್ತದೆ. ಬಾಯಿ ತುಂಬ ಹುಣ್ಣು. ಖಾರ ಹೋಗಲಿ, ಗಂಜಿ ನುಂಗುವುದೂ ಕಷ್ಟ. ಮೂಗಿನಲ್ಲಿ ಅನ್ನದ ನಳಿಕೆ. ಎಂಜಲು ಬತ್ತಿ ರುಚಿ ಹೋಗಿರುತ್ತದೆ. ರೊಟ್ಟಿ ಉಂಡು ಬೆಳೆದ ಬಾಯಿಗೆ ಒಣ ರೊಟ್ಟಿ ಮುಂದೆ ಎಷ್ಟೋ ತಿಂಗಳು ಇಳಿಯುವುದಿಲ್ಲ. ಇದನ್ನೆಲ್ಲ ನೋಡಿದವರು ‘ಸುಡುತ್ತದೆ’ ಎನ್ನದೆ ಇನ್ನೇನೆನ್ನಬೇಕು? ನ್ಯಾನೊ ಬಗ್ಗೆ ಹುಡುಗರಿಗಿರುವ ಭರವಸೆಯೂ ಗಾಳಿಯಲ್ಲಿ ಹುಟ್ಟಿದ್ದಲ್ಲ. ನ್ಯಾನೊ ಗಾತ್ರದ ಔಷಧಗಳು ಆಸ್ಪತ್ರೆಗೆ ಬಂದು ಬಹಳ ಕಾಲವಾಯಿತು. ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಆಲ್ಬುಮಿನ್ ಪ್ರೋಟೀನಿಗೆ ಕಟ್ಟಿದ ಅಬ್ರಾಕ್ಸೇನ್, ಸುಮಾರು 130 ನ್ಯಾನೊಮೀಟರ್ ಗಾತ್ರದ ಕಣ, 2005ರಲ್ಲಿ ಬಂತು. ಎರಡು ಕಡೆಯೂ ಸಾಕ್ಷಿಯಿದೆ. ಕೆಟ್ಟಿರುವುದು ಆ ಸಾಕ್ಷಿಯಿಂದ ಎಳೆದ ತೀರ್ಮಾನ.

‘ಸುಡುತ್ತದೆ’ ಎಂಬುದನ್ನೇ ಮೊದಲು ಎತ್ತಿಕೊಳ್ಳೋಣ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ವಿಕಿರಣ ಒಟ್ಟು 66ರಿಂದ 70 ಗ್ರೇ. ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಆರೂವರೆಯಿಂದ ಏಳು ವಾರ. ಒಂದು ಗ್ರೇ ಎಂದರೆ ಒಂದು ಕಿಲೊ ಅಂಗಾಂಶದಲ್ಲಿ ಒಂದು ಜೂಲ್ ಶಕ್ತಿ ಇಳಿಯುವುದು. ಲೆಕ್ಕ ಹಾಕಿ ನೋಡಿ: ಆ 70 ಗ್ರೇಯನ್ನು ಒಂದೇ ಸಲಕ್ಕೆ ಕೊಟ್ಟರೂ ಅಂಗಾಂಶದ ಉಷ್ಣತೆ ಏರುವುದು ಒಂದು ಡಿಗ್ರಿಯ ಐವತ್ತನೇ ಒಂದು ಪಾಲಿಗಿಂತ ಕಡಿಮೆ. ಒಂದು ಗುಟುಕು ಚಹಾದಲ್ಲಿ ಇದಕ್ಕಿಂತ ಹೆಚ್ಚು ಬಿಸಿಯಿದೆ. ಹಾಗಾಗಿ ಇಲ್ಲಿ ಬೆಂಕಿಯ ಕೆಲಸವೇ ಇಲ್ಲ. ಶಕ್ತಿ ಅತ್ಯಲ್ಪ, ಆದರೆ ಬೀಳುವ ಜಾಗ ಸೂಕ್ಷ್ಮ. ಕಿರಣ ಹಾದುಹೋಗುವಾಗ ಜೀವಕೋಶದ ನೀರಿನ ಅಣುಗಳನ್ನು ಒಡೆಯುತ್ತದೆ; ಆಗ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಪಕ್ಕದ ಡಿಎನ್ಎಯ ಎಳೆಗಳನ್ನು ಕಡಿಯುತ್ತವೆ. ಒಂದು ಗ್ರೇಗೆ ಪ್ರತಿ ಜೀವಕೋಶದಲ್ಲಿ ಸುಮಾರು 1000 ಕಡೆ ಒಂಟಿ ಎಳೆ ಹರಿಯುತ್ತದೆ, 20ರಿಂದ 40 ಕಡೆ ಜೋಡಿ ಎಳೆಗಳೆರಡೂ ಒಟ್ಟಿಗೆ ಹರಿಯುತ್ತವೆ. ಒಂಟಿ ಎಳೆಯ ಗಾಯ ಬೇಗ ಮಾಯುತ್ತದೆ. ಜೋಡಿ ಎಳೆ ಹರಿದದ್ದು ಸರಿಯಾಗಿ ಕೂಡದಿದ್ದರೆ ಜೀವಕೋಶ ಮುಂದೆ ಇಬ್ಭಾಗವಾಗುವ ಹೊತ್ತಿಗೆ ಸಾಯುತ್ತದೆ. ಕ್ಯಾನ್ಸರ್ ಜೀವಕೋಶವಾಗಲಿ ಆರೋಗ್ಯವಂತ ಜೀವಕೋಶವಾಗಲಿ, ಎರಡರಲ್ಲೂ ಎಳೆ ಹರಿಯುವ ರೀತಿ ಒಂದೇ. ಇಷ್ಟರ ಮಟ್ಟಿಗೆ ಕಟ್ಟೆಯ ಮಾತು ಸರಿ: ಕಿರಣ ಭೇದ ಮಾಡುವುದಿಲ್ಲ. ಆದರೆ ಸಾವನ್ನು ತೀರ್ಮಾನಿಸುವುದು ಎಳೆ ಹರಿದ ಗಳಿಗೆಯಲ್ಲ. ಹರಿದ ಮೇಲಿನ ಕೆಲವು ತಾಸುಗಳಲ್ಲಿ ಏನು ನಡೆಯಿತು ಎಂಬುದೇ ತೀರ್ಮಾನ.

ರಾಶಿ ತೂರುವಾಗ ಗಾಳಿಗೆ ಕಾಳು ಯಾವುದು, ಹೊಟ್ಟು ಯಾವುದು ಎಂಬುದು ಗೊತ್ತಿರುವುದಿಲ್ಲ. ಎರಡಕ್ಕೂ ಅದು ಒಂದೇ ಸಮ ಬೀಸುತ್ತದೆ. ಬೇರ್ಪಡುವುದು ಅವುಗಳ ತೂಕದ ವ್ಯತ್ಯಾಸದಿಂದ, ಅದೂ ಸ್ವಲ್ಪ ಸ್ವಲ್ಪವಾಗಿ ಸುರಿದರೆ ಮಾತ್ರ. ಇಡೀ ಬುಟ್ಟಿಯನ್ನು ಒಮ್ಮೆಲೇ ಬೋರಲು ಹಾಕಿದರೆ ಕಾಳು ಹೊಟ್ಟು ಕೂಡಿಯೇ ಬೀಳುತ್ತವೆ. ವಿಕಿರಣವನ್ನು ಮೂವತ್ತೈದು ಕಂತು ಮಾಡಿ ಕೊಡುವುದು ಇದೇ ಕಾರಣಕ್ಕೆ. ಇದು ಯಾರೋ ಕೂತಲ್ಲೇ ಊಹಿಸಿದ್ದಲ್ಲ. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ವೈದ್ಯ ಕ್ಲಾಡಿಯಸ್ ರೆಗೊ ಟಗರುಗಳ ವೃಷಣದ ಮೇಲೆ ಪ್ರಯೋಗ ಮಾಡಿದರು. ಒಂದೇ ಸಲಕ್ಕೆ ಕೊಟ್ಟ ಎಕ್ಸ್‌ರೇ ಟಗರನ್ನು ಬಂಜೆ ಮಾಡಬೇಕಾದರೆ ಮೇಲಿನ ಚರ್ಮ ಕೊಳೆತುಹೋಗುತ್ತಿತ್ತು. ಅದನ್ನೇ ಕೆಲವು ವಾರಗಳ ಮೇಲೆ ಹಂಚಿ ಕೊಟ್ಟಾಗ ಟಗರು ಬಂಜೆಯಾಯಿತು, ಚರ್ಮ ಉಳಿಯಿತು. ವೇಗವಾಗಿ ಬೆಳೆಯುವ ವೃಷಣದ ಜೀವಕೋಶಗಳು ಗಡ್ಡೆಗೆ ಸಮ, ಮೇಲಿನ ಚರ್ಮ ಆರೋಗ್ಯವಂತ ಅಂಗಕ್ಕೆ ಸಮ ಎಂದು ಎಣಿಸಿದರೆ ಇಂದಿನ ಚಿಕಿತ್ಸೆಯ ಇಡೀ ತರ್ಕ ಆ ಟಗರಿನಲ್ಲಿದೆ. ಅದೇ ಊರಿನ ವೈದ್ಯ ಆಂರಿ ಕುತಾರ್ ಆ ಕ್ರಮವನ್ನು ಗಂಟಲಿನ ಕ್ಯಾನ್ಸರ್ ರೋಗಿಗಳಿಗೆ ತಂದರು.

ಆಯ್ಕೆ ನಡೆಯುವ ಜಾಗಗಳು ಮುಖ್ಯವಾಗಿ ಮೂರು.

1. ರೇಖಾಗಣಿತ. ಯಂತ್ರ ರೋಗಿಯ ಸುತ್ತ ತಿರುಗಿ ಹಲವು ದಿಕ್ಕಿನಿಂದ ಕಿರಣ ಬಿಡುತ್ತದೆ. ಎಲ್ಲ ದಾರಿಗಳೂ ಕೂಡುವ ಜಾಗದಲ್ಲಿ ಪೂರ್ತಿ ಪ್ರಮಾಣ, ಉಳಿದಲ್ಲಿ ಅದರ ಒಂದಂಶ. ಬೆನ್ನುಹುರಿಗೆ 45ರಿಂದ 50 ಗ್ರೇ ಮೀರದಂತೆ, ಕಪಾಳದ ಎಂಜಲ ಗ್ರಂಥಿಗೆ ಸಾಧ್ಯವಾದರೆ ಸರಾಸರಿ 26 ಗ್ರೇ ಒಳಗೆ ಇರುವಂತೆ ಮೊದಲೇ ನಕ್ಷೆ ಹಾಕುತ್ತಾರೆ. ಈ ನಕ್ಷೆ ಮಿಲಿಮೀಟರ್ ಲೆಕ್ಕದ್ದಾದ್ದರಿಂದ ತಲೆ ಅಲುಗಾಡಬಾರದು. ಅದಕ್ಕೆಂದೇ ಮುಖವಾಡ: ಪ್ಲಾಸ್ಟಿಕ್ಕಿನ ಜಾಳಿಗೆಯ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಮೇಲೆ ಮುಖದ ಮೇಲೆ ಎಳೆದು ಒತ್ತುತ್ತಾರೆ, ಕೆಲವೇ ನಿಮಿಷಕ್ಕೆ ಅದು ಮೂಗು, ಹುಬ್ಬು, ಗದ್ದದ ಅಚ್ಚಾಗಿ ಗಟ್ಟಿಯಾಗುತ್ತದೆ. ಪ್ರತಿದಿನ ಅದೇ ಮುಖವಾಡವನ್ನು ಹಾಕಿ ಮೇಜಿಗೆ ಬಿಗಿದು, ಅದರ ಮೇಲೆ ಬರೆದ ಗೆರೆಗಳಿಗೆ ಬೆಳಕಿನ ರೇಖೆಗಳನ್ನು ಕೂಡಿಸಿಕೊಳ್ಳುತ್ತಾರೆ. ಚಿಕಿತ್ಸೆ ನಡೆದಿರುವಾಗ ರೋಗಿ ಉಣ್ಣದೆ ಸೊರಗಿದರೆ ಮುಖವಾಡ ಸಡಿಲಾಗುತ್ತದೆ, ಗುರಿ ಸರಿಯುತ್ತದೆ. ‘ಚಲೋತ್ನಾಗಿ ಉಣ್ಣು’ ಎಂದು ಡಾಕ್ಟರು ಹೇಳುವುದು ಬರೀ ಅಂತಃಕರಣದ ಮಾತಲ್ಲ.

2. ದುರಸ್ತಿ. ಹರಿದ ಡಿಎನ್ಎಯನ್ನು ಹೊಲಿಯುವ ಏರ್ಪಾಟು ಎಲ್ಲ ಜೀವಕೋಶಗಳಲ್ಲೂ ಇದೆ. ಬಹಳಷ್ಟು ಕ್ಯಾನ್ಸರ್ ಜೀವಕೋಶಗಳಲ್ಲಿ, ಗಾಯ ಮಾಯುವವರೆಗೂ ವಿಭಜನೆಯನ್ನು ತಡೆದು ನಿಲ್ಲಿಸುವ ಕಾವಲು ಕೆಟ್ಟಿರುತ್ತದೆ. ಹರಿದದ್ದನ್ನು ಸರಿಪಡಿಸದೆಯೇ ಅವು ಇಬ್ಭಾಗಕ್ಕೆ ಇಳಿಯುತ್ತವೆ. ನರ, ಬೆನ್ನುಹುರಿಯಂಥ ನಿಧಾನದ ಅಂಗಾಂಶಗಳು ಸಣ್ಣ ಕಂತಿನ ಪೆಟ್ಟನ್ನು ಮರುದಿನದೊಳಗೆ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ. ದಿನದಿನದ ಈ ಚಿಕ್ಕ ವ್ಯತ್ಯಾಸ ಮೂವತ್ತೈದು ಸಲ ಗುಣಿಸಿದಾಗ ದೊಡ್ಡದಾಗುತ್ತದೆ.

3. ಮರುಬೆಳವಣಿಗೆ. ಬಾಯಿಯ ಒಳಪದರದ ತಳದಲ್ಲಿ ಹೊಸ ಜೀವಕೋಶ ಹುಟ್ಟಿಸುವ ಮೂಲಕೋಶಗಳಿವೆ. ಅವು ಪೆಟ್ಟು ತಿಂದಾಗ ಎರಡು-ಮೂರನೇ ವಾರಕ್ಕೆ ಹುಣ್ಣು ಏಳುತ್ತವೆ. ಉಳಿದ ಮೂಲಕೋಶಗಳು ಚಿಗುರಿದಂತೆ ಆ ಹುಣ್ಣುಗಳು ಚಿಕಿತ್ಸೆ ಮುಗಿದ ಕೆಲ ವಾರಕ್ಕೆ ಮಾಯುತ್ತವೆ. ಎಂಜಲ ಗ್ರಂಥಿಗೆ ಈ ಶಕ್ತಿ ಕಡಿಮೆ, ಅದಕ್ಕೇ ಬಾಯಿ ಒಣಗುವುದು ಬಹುಕಾಲ ಉಳಿಯುತ್ತದೆ.

ಇನ್ನು ಕಂತುಗಳ ಲೆಕ್ಕ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶಗಳಿವೆ, 2 ಗ್ರೇಯ ಒಂದು ಕಂತಿಗೆ ಅವುಗಳಲ್ಲಿ ಅರ್ಧ ಸಾಯುತ್ತವೆ ಎಂದು ಹಿಡಿಯೋಣ; ಇದು ಸರಳ ಮಾಡಿದ ಲೆಕ್ಕ, ಆದರೆ ವಾಸ್ತವಕ್ಕೆ ತೀರ ದೂರದ್ದಲ್ಲ. ಹತ್ತು ಕಂತಿಗೆ ಉಳಿಯುವುದು ಸುಮಾರು ಹತ್ತು ಲಕ್ಷ. ಇಪ್ಪತ್ತಕ್ಕೆ ಸುಮಾರು ಸಾವಿರ. ಮೂವತ್ತಕ್ಕೆ ಒಂದು. ಈಗ ರೋಗಿಯ ಕಡೆಯಿಂದ ನೋಡಿ. ಹತ್ತು ಲಕ್ಷ ಜೀವಕೋಶ ಎಂದರೆ ಒಂದು ಘನ ಮಿಲಿಮೀಟರ್, ಸಾಸಿವೆ ಕಾಳಿಗಿಂತಲೂ ಚಿಕ್ಕದು. ಸತ್ತ ಜೀವಕೋಶಗಳು ಕರಗಿಹೋಗಲು ಸಮಯ ಹಿಡಿದರೂ ಇಪ್ಪತ್ತನೇ ಕಂತಿನ ಸುಮಾರಿಗೆ ಎಷ್ಟೋ ಮಂದಿಗೆ ಗಂಟು ಕೈಗೆ ಸಿಗುವುದಿಲ್ಲ, ನೋವು ಇಳಿದಿರುತ್ತದೆ. ಅದೇ ಹೊತ್ತಿಗೆ ಬಾಯಿಯ ಹುಣ್ಣು ತುದಿ ಮುಟ್ಟಿರುತ್ತದೆ. ಕಣ್ಣಿಗೆ ಕಾಣುವುದೆಲ್ಲ ‘ರೋಗ ಹೋಯಿತು, ಈಗ ಉಳಿದಿರುವುದು ಕರೆಂಟಿನ ಕಾಟ’ ಎಂದೇ ಹೇಳುತ್ತದೆ. ಊರಲ್ಲಿ ಕಟಾವು ಬಂದಿದೆ, ಬನಶಂಕರಿ ಜಾತ್ರೆ ಬಂದಿದೆ, ಹುಬ್ಬಳ್ಳಿಯಲ್ಲಿ ರೂಮಿನ ಬಾಡಿಗೆ ಏರುತ್ತಿದೆ. ಚೀಲ ಕಟ್ಟಿಕೊಂಡು ಬಸ್ಸು ಹತ್ತುವವರ ತರ್ಕದಲ್ಲಿ ಅವರ ಮಟ್ಟಿಗೆ ದೋಷವಿಲ್ಲ. ಆದರೆ ಕೊನೆಯ ಹದಿನೈದು ಕಂತುಗಳು ಕಣ್ಣಿಗೆ ಕಾಣದ ಆ ಸಾವಿರಕ್ಕಾಗಿಯೇ ಇರುವುದು. ಆರೋಗ್ಯವಂತ ಅಂಗಾಂಶ ಅಷ್ಟರೊಳಗೆ ಪೆಟ್ಟಿನ ಬಹುಪಾಲು ತಿಂದಾಗಿದೆ. ಅದಕ್ಕೆ ಸಿಗಬೇಕಾದ ಪ್ರತಿಫಲವನ್ನಷ್ಟೇ ಬಿಟ್ಟು ಬಂದಂತಾಯಿತು. ಇದಕ್ಕಿಂತ ಕೆಟ್ಟದ್ದೊಂದಿದೆ. ತಲೆ-ಕುತ್ತಿಗೆಯ ಗಡ್ಡೆಗಳಲ್ಲಿ ನಾಲ್ಕನೇ ವಾರದ ಸುಮಾರಿಗೆ ಉಳಿದ ಜೀವಕೋಶಗಳು ಮೊದಲಿಗಿಂತ ಬಿರುಸಾಗಿ ಹೆಚ್ಚತೊಡಗುತ್ತವೆ ಎಂದು ಸಂಶೋಧಕ ವಿದರ್ಸ್ ಮತ್ತು ಜೊತೆಗಾರರು 1988ರಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ತಡವಾದ ಪ್ರತಿ ದಿನವನ್ನು ತುಂಬಿಕೊಡಲು ಸುಮಾರು 0.6 ಗ್ರೇ ಹೆಚ್ಚು ಬೇಕು. ಕಾಲ ಇಲ್ಲಿ ಎರಡೂ ಕಡೆಯವರಿಗೂ ದುಡಿಯುತ್ತದೆ.

ಆಮ್ಲಜನಕದ ವಿಷಯವನ್ನು ನಮ್ಮ ಕಡೆ ಯಾರೂ ಎತ್ತುವುದಿಲ್ಲ, ಅದಕ್ಕೇ ಇಲ್ಲಿ ಎತ್ತುತ್ತೇನೆ. ಆಮ್ಲಜನಕ ಚೆನ್ನಾಗಿ ಸಿಗುವ ಜೀವಕೋಶವನ್ನು ಕೊಲ್ಲುವಷ್ಟೇ ಪರಿಣಾಮ ಆಮ್ಲಜನಕವಿಲ್ಲದ ಜೀವಕೋಶದ ಮೇಲೆ ಆಗಬೇಕಾದರೆ ಹೆಚ್ಚುಕಡಿಮೆ ಮೂರು ಪಟ್ಟು ವಿಕಿರಣ ಬೇಕು. ರ‍್ಯಾಡಿಕಲ್ ಮಾಡಿದ ಗಾಯವನ್ನು ಕಾಯಂ ಮಾಡುವುದೇ ಆಮ್ಲಜನಕ. ಗಡ್ಡೆಯ ಒಳತಿರುಳಿಗೆ ರಕ್ತ ಸರಿಯಾಗಿ ಹರಿಯದ್ದರಿಂದ ಅಲ್ಲಿನ ಕೆಟ್ಟ ಜೀವಕೋಶಕ್ಕೆ ಪಕ್ಕದ ಆರೋಗ್ಯವಂತ ಜೀವಕೋಶಕ್ಕಿಂತ ಹೆಚ್ಚು ರಕ್ಷಣೆ ಸಿಗುತ್ತದೆ. ಕಂತುಗಳ ನಡುವೆ ಹೊರಪದರ ಸತ್ತು ಒಳಪದರಕ್ಕೆ ಉಸಿರು ಬಂದಾಗ ಈ ಅನುಕೂಲ ತಪ್ಪುತ್ತದೆ. ಕಂತಿನ ಇನ್ನೊಂದು ಗುಣ ಇದು. ಆದರೆ ಚಿಕಿತ್ಸೆ ನಡೆದಿರುವಾಗಲೂ ಬೀಡಿ ಸೇದಿದರೆ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಕೆನಡಾದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರಿಗೆ ವಿಕಿರಣ ಪಡೆಯುತ್ತ ಧೂಮಪಾನ ಮುಂದುವರಿಸಿದವರಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಶೇ 45 ಮಂದಿಗೆ. ಸೇದದವರಲ್ಲಿ, ಚಿಕಿತ್ಸೆಗೆ ಮೊದಲೇ ಬಿಟ್ಟಿದ್ದವರಲ್ಲಿ ಶೇ 74. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ ದುಡ್ಡಿನ ಬದಲು ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನ ಆಗಸ್ಟ್ 1 ಇಂದು ರಾಜ್ಯದ ವ್ಯಸನಮುಕ್ತ ದಿನ. ಆ ಕೆಲಸವನ್ನು ನಾವು ನೀತಿಯ ಖಾತೆಗೆ ಹಾಕಿ ಸುಮ್ಮನಾಗಿದ್ದೇವೆ. ಚಿಕಿತ್ಸೆಯ ಖಾತೆಗೂ ಅದು ಸೇರಬೇಕು.

ಈಗ ನ್ಯಾನೊ. ‘ಕಣ ಕ್ಯಾನ್ಸರ್ ಇದ್ದಲ್ಲಿಗಷ್ಟೇ ಹೋಗುತ್ತದೆ’ ಎಂಬುದರ ಮೂಲ 1986ರಲ್ಲಿ ಜಪಾನಿನ ಮತ್ಸುಮುರಾ ಮತ್ತು ಮಾಯೆದಾ ಗುರುತಿಸಿದ ಸಂಗತಿ: ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದವು, ಸಂದುಬಿಟ್ಟವು; ದೊಡ್ಡ ಅಣುಗಳು ಅಲ್ಲಿ ಸೋರಿ ಒಳಗೆ ಉಳಿದುಬಿಡುತ್ತವೆ. ಸರಿ. ಆದರೆ ಎಷ್ಟು? ಹತ್ತು ವರ್ಷದ ಪ್ರಯೋಗ ವರದಿಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ್ದು ಮಧ್ಯಮ ಲೆಕ್ಕದಲ್ಲಿ ಶೇ 0.7. ಅವು ಬಹುತೇಕ ಇಲಿಗಳ ಲೆಕ್ಕ. ಇಲಿಯ ಗಡ್ಡೆ ಮನುಷ್ಯನದಕ್ಕಿಂತ ವೇಗವಾಗಿ ಬೆಳೆಯುವಂಥದು, ನಾಳಗಳು ಹೆಚ್ಚು ಸೋರುವಂಥವು. ಉಳಿದವುಗಳ ದೊಡ್ಡ ಪಾಲು ಪಿತ್ತಜನಕಾಂಗಕ್ಕೆ, ಗುಲ್ಮಕ್ಕೆ ಹೋಗುತ್ತದೆ, ಏಕೆಂದರೆ ರಕ್ತದಲ್ಲಿ ತೇಲುವ ಅಪರಿಚಿತ ಕಣವನ್ನು ನುಂಗುವುದೇ ಅಲ್ಲಿನ ಭಕ್ಷಕ ಕೋಶಗಳ ಉದ್ಯೋಗ. ‘ಕಣದ ಮೇಲೆ ಕ್ಯಾನ್ಸರ್ ಗುರುತಿಸುವ ಪ್ರತಿಕಾಯ ಅಂಟಿಸಿದರೆ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಅದೇ ವಿಶ್ಲೇಷಣೆಯಲ್ಲಿ ಹಾಗೆ ಅಂಟಿಸಿದವುಗಳ ಪಾಲು ಶೇ 0.9. ಗುರುತಿನ ಚೀಟಿ ಕೆಲಸಕ್ಕೆ ಬರುವುದು ಬಾಗಿಲಿಗೆ ಬಂದ ಮೇಲೆ. ದಾರಿಯನ್ನು ಅದು ತೋರಿಸುವುದಿಲ್ಲ. ಮೊದಲು ಹೇಳಿದ ಡಾಕ್ಸಿಲ್ ಕೂಡ ಬರೀ ಡಾಕ್ಸೊರುಬಿಸಿನ್ ಕೊಟ್ಟಾಗ ಹೃದಯಕ್ಕೆ ಆಗುತ್ತಿದ್ದ ಹಾನಿಯನ್ನು ಇಳಿಸಿತು, ಅದು ದೊಡ್ಡ ಉಪಕಾರ. ಆದರೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುವ ತೊಂದರೆಯನ್ನು ಹೆಚ್ಚಿಸಿತು. ಹಾನಿಯ ಜಾಗ ಬದಲಾಯಿತು.

ವಿಕಿರಣದ ಜೊತೆ ಚಿನ್ನದ ಕಣ ಬೆರೆಸುವ ಮಾತನ್ನು ಬಿಡಿಸಿ ನೋಡಿದರೆ ಇನ್ನೂ ಸ್ವಾರಸ್ಯವಿದೆ. ಚಿನ್ನದ ಪರಮಾಣು ಸಂಖ್ಯೆ 79. ಭಾರವಾದ ಪರಮಾಣು ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ನೀರಿಗಿಂತ ಬಹಳ ಪಟ್ಟು ಹೀರಿ ಸುತ್ತಲೂ ಎಲೆಕ್ಟ್ರಾನುಗಳನ್ನು ಚಿಮ್ಮುತ್ತದೆ. ಕಣ ಗಡ್ಡೆಯೊಳಗಿದ್ದರೆ ಅಲ್ಲಿ ಪೆಟ್ಟು ಹೆಚ್ಚು. 2004ರಲ್ಲಿ ಹೈನ್‌ಫೆಲ್ಡ್ ಮತ್ತು ಸಂಗಡಿಗರು 1.9 ನ್ಯಾನೊಮೀಟರಿನ ಚಿನ್ನದ ಕಣ ಚುಚ್ಚಿ ಇಲಿಗಳ ಸ್ತನದ ಗಡ್ಡೆಗೆ ಎಕ್ಸ್‌ರೇ ಕೊಟ್ಟರು. ವರ್ಷದ ನಂತರ ಬದುಕುಳಿದ ಇಲಿಗಳು ಶೇ 86. ಬರೀ ಎಕ್ಸ್‌ರೇ ಪಡೆದವುಗಳಲ್ಲಿ ಶೇ 20. ಬರೀ ಚಿನ್ನ ಪಡೆದವುಗಳಲ್ಲಿ ಒಂದೂ ಇಲ್ಲ. ಈ ಕೊನೆಯ ಸೊನ್ನೆಯನ್ನು ಸುದ್ದಿ ಬರೆಯುವವರು ಬಿಟ್ಟುಬಿಡುತ್ತಾರೆ: ಚಿನ್ನ ತಾನಾಗಿ ಏನೂ ಕೊಲ್ಲಲಿಲ್ಲ. ಇನ್ನೆರಡು ವಿವರಗಳನ್ನೂ ಬಿಡುತ್ತಾರೆ. ಅಲ್ಲಿ ಬಳಸಿದ್ದು 250 ಕಿಲೊವೋಲ್ಟಿನ ಎಕ್ಸ್‌ರೇ. ಆಸ್ಪತ್ರೆಯಲ್ಲಿ ವಿಕಿರಣ ಕೊಡುವ ಲಿನಾಕ್ ಯಂತ್ರದ್ದು ಸಾಮಾನ್ಯವಾಗಿ 6 ಮೆಗಾವೋಲ್ಟ್, ಆ ಶಕ್ತಿಯಲ್ಲಿ ಚಿನ್ನದ ಹೆಚ್ಚುಗಾರಿಕೆ ಬಹಳಷ್ಟು ಕರಗುತ್ತದೆ. ಮತ್ತೆ, ಕೊಟ್ಟ ಚಿನ್ನ ಇಲಿಯ ದೇಹತೂಕದ ಕಿಲೊಗೆ 2.7 ಗ್ರಾಂವರೆಗೆ. ಐವತ್ತು ಕಿಲೊ ತೂಗುವ ಹುನಗುಂದದ ಹೆಣ್ಣುಮಗಳಿಗೆ ಅದೇ ಲೆಕ್ಕ ಹಿಡಿದರೆ 135 ಗ್ರಾಂ, ಹನ್ನೊಂದು ತೊಲದ ಮೇಲೆ. ಹಟ್ಟಿ ಚಿನ್ನದ ಗಣಿ ಪಕ್ಕದ ಲಿಂಗಸುಗೂರು ತಾಲ್ಲೂಕಿನಲ್ಲಿದ್ದರೂ ಇದು ನಡೆಯುವ ಮಾತಲ್ಲ. ಇನ್ನು ಆಯುರ್ವೇದದ ಸ್ವರ್ಣಭಸ್ಮದಲ್ಲಿ ನ್ಯಾನೊ ಗಾತ್ರದ ಕಣಗಳಿವೆ ಎಂದು ಕೆಲವು ಪ್ರಯೋಗಾಲಯಗಳು ಕಂಡಿವೆ. ಅದರಿಂದ ಸಿದ್ಧವಾಗುವುದು ಅದರಲ್ಲಿ ಸಣ್ಣ ಕಣಗಳಿವೆ ಎಂಬುದಷ್ಟೇ. ಬಾಯಿಂದ ನುಂಗಿದ್ದು ಗಡ್ಡೆಗೆ ತಲುಪುತ್ತದೆ, ತಲುಪಿ ಕೊಲ್ಲುತ್ತದೆ ಎಂಬ ಎರಡು ಹೆಜ್ಜೆಗಳಿಗೆ ಬೇರೆಯದೇ ಸಾಕ್ಷಿ ಬೇಕು.

ಬೇವಿನೆಲೆಯಿಂದಲೋ ತುಳಸಿಯಿಂದಲೋ ಬೆಳ್ಳಿಯ ನ್ಯಾನೊ ಕಣ ಮಾಡಿ ಗಾಜಿನ ತಟ್ಟೆಯ ಕ್ಯಾನ್ಸರ್ ಜೀವಕೋಶ ಕೊಂದೆವು ಎಂಬ ಪ್ರಬಂಧಗಳು ನಮ್ಮ ವಿಶ್ವವಿದ್ಯಾಲಯಗಳಿಂದಲೂ ಬರುತ್ತವೆ. ಕೆಲಸ ಒಳ್ಳೆಯದು, ಅದನ್ನು ಓದುವ ಕ್ರಮ ಸರಿಯಿಲ್ಲ. ಗಾಜಿನ ತಟ್ಟೆಯಲ್ಲಿ ಬ್ಲೀಚಿಂಗ್ ಪೌಡರ್ ಕೂಡ ಕ್ಯಾನ್ಸರ್ ಜೀವಕೋಶವನ್ನು ಕೊಲ್ಲುತ್ತದೆ. ಕೇಳಬೇಕಾದದ್ದು, ಪಕ್ಕದ ತಟ್ಟೆಯಲ್ಲಿ ಆರೋಗ್ಯವಂತ ಜೀವಕೋಶಗಳನ್ನಿಟ್ಟು ಅದೇ ಪ್ರಮಾಣ ಹಾಕಿ ನೋಡಿದ್ದಾರೆಯೇ, ನೋಡಿದ್ದರೆ ಎಷ್ಟು ಪಟ್ಟು ವ್ಯತ್ಯಾಸ ಬಂತು ಎಂಬುದು. ಬೆಳ್ಳಿಯ ಕಣದಿಂದ ಬಿಡುಗಡೆಯಾಗುವ ಅಯಾನು ಎರಡೂ ಬಗೆಯ ಜೀವಕೋಶಗಳ ಮೇಲೆ ಉತ್ಕರ್ಷಣದ ಒತ್ತಡ ಹಾಕುತ್ತದೆ. ಸಣ್ಣ ಕಣ ಎಂದರೆ ಸೌಮ್ಯ ಎಂದು ತಿಳಿಯುವವರು ಇಳಕಲ್ಲಿನ ಗ್ರಾನೈಟ್ ಕ್ವಾರಿಗಳನ್ನು ನೆನೆಯಬೇಕು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ನ್ಯಾನೊಗಿಂತ ಬಹಳ ದೊಡ್ಡದು, ಆದರೂ ಶ್ವಾಸಕೋಶದ ತುದಿಗೆ ಇಳಿಯುವಷ್ಟು ಸಣ್ಣದು. ಅಲ್ಲಿನ ಭಕ್ಷಕ ಕೋಶ ಅದನ್ನು ನುಂಗುತ್ತದೆ, ಅರಗಿಸಲಾರದೆ ಸಾಯುತ್ತದೆ, ಕಣ ಹೊರಬರುತ್ತದೆ, ಮತ್ತೊಂದು ಕೋಶ ನುಂಗುತ್ತದೆ. ಹೀಗೇ ನಡೆದು ಶ್ವಾಸಕೋಶ ಗಾಯದ ಕಲೆಯಿಂದ ಗಟ್ಟಿಯಾಗುತ್ತದೆ. ಅಂಥ ಸ್ಫಟಿಕ ಸಿಲಿಕಾ ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ತೀರ್ಮಾನಿಸಿತು. ಕಣದ ಗಾತ್ರ, ಮೈ, ಕರಗುವ ಗುಣ, ಅದು ಸಿಕ್ಕಿಬೀಳುವ ಜಾಗ, ಇವನ್ನು ಕೇಳದೆ ‘ನ್ಯಾನೊ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಸುಮಾರು 5.5 ನ್ಯಾನೊಮೀಟರಿಗಿಂತ ಚಿಕ್ಕದಾದರೆ ಮೂತ್ರಪಿಂಡ ಸೋಸಿ ಹೊರಹಾಕಬಲ್ಲದು. ದೊಡ್ಡದಾದ, ಕರಗದ ಲೋಹದ ಕಣ ಪಿತ್ತಜನಕಾಂಗದಲ್ಲಿ ಬಹುಕಾಲ ಕೂತಿರಬಹುದು.

ಹಾಗಾದರೆ ನ್ಯಾನೊ ಬರೀ ಗಾಳಿಮಾತೇ? ಅಲ್ಲ. ಹಾಫ್ನಿಯಂ ಎಂಬ ಲೋಹದ ಆಕ್ಸೈಡಿನ ಕಣವನ್ನು ವಿಕಿರಣದ ಜೊತೆ ಬಳಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಮೃದು ಅಂಗಾಂಶದ ಸಾರ್ಕೋಮಾ ಎಂಬ ಕ್ಯಾನ್ಸರ್ ಇರುವವರಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿ ಇಲ್ಲವಾದದ್ದು ಬರೀ ವಿಕಿರಣ ಪಡೆದವರಲ್ಲಿ ಶೇ 8, ಕಣವೂ ಸೇರಿದವರಲ್ಲಿ ಶೇ 16. ಎರಡು ಪಟ್ಟು, ಆದರೂ ನೂರರಲ್ಲಿ ಹದಿನಾರು. ಗಮನಿಸಬೇಕಾದ್ದು ಕಣವನ್ನು ಕೊಟ್ಟ ರೀತಿ: ರಕ್ತನಾಳಕ್ಕೆ ಬಿಟ್ಟು ‘ಹುಡುಕಿಕೊಂಡು ಹೋಗು’ ಎನ್ನಲಿಲ್ಲ, ಸೂಜಿಯಿಂದ ನೇರ ಗಡ್ಡೆಗೇ ಚುಚ್ಚಿದರು. ಜಾಗ ತೋರಿಸಿದ್ದು ವೈದ್ಯರ ಕೈ, ಕೆಲಸಕ್ಕೆ ಹಚ್ಚಿದ್ದು ಕಿರಣ. ಕಟ್ಟೆಯ ಮೇಲೆ ಯಾವುದರ ಬದಲಿಗೆ ನ್ಯಾನೊ ಬರುತ್ತದೆ ಎನ್ನುತ್ತಾರೋ, ಈ ಕಣ ದುಡಿಯುವುದೇ ಅದರ ಜೊತೆಯಲ್ಲಿ.

ಒಂದು ಆಕ್ಷೇಪ ಉಳಿಯುತ್ತದೆ: ವಿಕಿರಣವೇ ಮುಂದೆ ಬೇರೆ ಕ್ಯಾನ್ಸರ್ ತರುವುದಿಲ್ಲವೇ? ತರಬಹುದು, ಸಾಮಾನ್ಯವಾಗಿ ಎಷ್ಟೋ ವರ್ಷಗಳ ನಂತರ, ಚಿಕಿತ್ಸೆ ಪಡೆದವರಲ್ಲಿ ಕೆಲವೇ ಮಂದಿಗೆ. ಮಕ್ಕಳ ವಿಷಯದಲ್ಲಿ ಇದು ಗಂಭೀರವಾದ ತೂಕದ ಪ್ರಶ್ನೆ, ವೈದ್ಯರು ಹಾಗೆಯೇ ತೂಗುತ್ತಾರೆ. ಐವತ್ತೈದರ ವಯಸ್ಸಿನಲ್ಲಿ ಕಪಾಳದಲ್ಲಿ ಗಡ್ಡೆ ಎದ್ದಿರುವವರಿಗೆ ಇಪ್ಪತ್ತು ವರ್ಷದಾಚೆಯ ಸಣ್ಣ ಸಂಭವವನ್ನು ತೋರಿಸಿ ಈ ವರ್ಷದ ಸಾವನ್ನು ಆರಿಸಿಕೊಳ್ಳಿ ಎನ್ನುವುದು ಲೆಕ್ಕ ಬಾರದವರ ಮಾತು.

ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಗೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಗೋ ಹೋಗುವ ಇಳಕಲ್, ಬಾದಾಮಿಯ ಕುಟುಂಬಗಳಿಗೆ ಏಳು ವಾರ ಪರ ಊರಿನಲ್ಲಿ ಇರುವುದು ಕಿರಣಕ್ಕಿಂತ ದೊಡ್ಡ ಕಷ್ಟ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಕಿರಣ ಚಿಕಿತ್ಸೆ ಸೇರಿದೆ. ರೂಮು, ಊಟ, ಬಿಟ್ಟ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಮಧ್ಯದಲ್ಲಿ ಊರಿಗೆ ಹೋಗಲೇಬೇಕಾದ ಪ್ರಸಂಗ ಬಂದರೆ ಹೇಳದೆ ಹೋಗಬಾರದು, ಏಕೆಂದರೆ ತಪ್ಪಿದ ಕಂತನ್ನು ತುಂಬಿಕೊಡುವ ದಾರಿಗಳಿವೆ. ಶನಿವಾರ ಒಂದು ಕಂತು ಸೇರಿಸಬಹುದು. ಇಲ್ಲವೇ ಒಂದೇ ದಿನ ಎರಡು ಕಂತು ಕೊಡಬಹುದು, ಎರಡರ ನಡುವೆ ಕನಿಷ್ಠ ಆರು ತಾಸು ಬಿಟ್ಟು. ‘ಬೆಳಿಗ್ಗೆ ಬಂದೀವಿ, ಎರಡೂ ಒಮ್ಮೆಗೇ ಕೊಟ್ಟು ಕಳಿಸ್ರಿ, ಬಸ್ಸು ಹೋಗತೈತಿ’ ಎಂದರೆ ವೈದ್ಯರು ಒಪ್ಪುವುದಿಲ್ಲ. ಆರೋಗ್ಯವಂತ ಜೀವಕೋಶ ಮೊದಲ ಕಂತಿನ ಗಾಯ ಹೊಲಿದುಕೊಳ್ಳಲು ಅಷ್ಟು ಹೊತ್ತು ಬೇಕು.